ತೊಂಬತ್ತೊಂಬತ್ತರಿಂದ ಕೆಳಗೆ

"ಅಯ್ಯೋ, ಮತ್ತೆ ತೊಂಬತ್ತೊಂಬತ್ತಕ್ಕೆ ಹಾರ್ತಲ್ಲೇ!" ಎಂದು ವಕೀಲ ತಲೆಯ ಮೇಲೆ ಕೈ ಹೊತ್ತು ಕೂತ. ಬಾಯಿ ಜೋರೆಂದು ಗೆಳೆಯರಿಟ್ಟ ಹೆಸರು ಅದು. ಇವತ್ತು ಆ ಬಾಯಿಯೂ ಒಣಗಿತ್ತು. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮೂವರು ಸೇರಿ ಮಾಡಿದ ಟೈಮರ್ ಸೆಕೆಂಡುಗಳನ್ನು ಎಣಿಸುತ್ತ ಇಳಿದು, ಸೊನ್ನೆಗೆ ಬಂದು ನಿಂತು ಕೂಗಬೇಕಿತ್ತು. ಅದು ನಿಲ್ಲಲೂ ಇಲ್ಲ, ಕೂಗಲೂ ಇಲ್ಲ.

ತಪ್ಪಿದ್ದದ್ದು ಟೈಮರಿನ ಎಲೆಕ್ಟ್ರಾನಿಕ್ ಚಿಪ್ಪಿನ ಒಳಗೆ, ತಂಡದ ಹುಡುಗಿ ಬರೆದ ನಕ್ಷೆಯಲ್ಲಿ. ಸೊನ್ನೆ ಬಂತೆಂದು ತಿಳಿಸುವ ಗೆರೆಯನ್ನು ಎಳೆದಿದ್ದಳು, ಅದನ್ನು ಎಣಿಕೆ ನಿಲ್ಲಿಸಿ ಕೂಗಿಸುವ ಭಾಗಕ್ಕೆ ಸೇರಿಸಲು ಮರೆತಿದ್ದಳು. ಕಾರ್ಖಾನೆಯವರು ಅದನ್ನು ಹಾಗೆಯೇ ಚಿಪ್ಪಿನಲ್ಲಿ ಅಚ್ಚೊತ್ತಿ ಕಳಿಸಿದ್ದರು.

"ಏನೂ ಮಾಡೋಕಾಗಲ್ವಾ?" ಎಂದ ವಕೀಲ.

"ಒಡೆದು ಬೆಸುಗೆ ಹಾಕೋಕೆ ಇದೇನು ನಲ್ಲಿ ಪೈಪಾ?" ಎಂದ ತಂಡದ ಮೂರನೆಯವನು, ದಪ್ಪ ಕನ್ನಡಕದ ಸೋಡಾಬುಡ್ಡಿ.

ಅಂಗಡಿಯ ಚಿಪ್ಪೇ ಸಾಕೆಂದು ಇಬ್ಬರೂ ಬಡಕೊಂಡಿದ್ದರು. ನಮ್ಮದೇ ಮಾಡೋಣ ಎಂದು ಪಟ್ಟು ಹಿಡಿದವಳು ಅವಳು. ವಕೀಲನಿಗೆ ಕೆಲಸ ಸಿಕ್ಕಿತ್ತು, ಆದರೆ ಇವತ್ತಿನ ಪರೀಕ್ಷೆ ಪಾಸಾಗಬೇಕು. ಅವನಪ್ಪ ಆಗಲೇ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವನು ನಾಲ್ಕು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಪಾಪ, ಬೈಯಲಿಲ್ಲ.

"ತೊಂಬತ್ತೊಂಬತ್ತರಿಂದ ಶುರು ಮಾಡೋಣ," ಎಂದ. "ಪರೀಕ್ಷಕರು ನಾಲ್ಕಂಕಿ ಇಳಿಯೋದು ನೋಡಿ, ಸರಿ ಅಂತ ಮುಂದಿನ ಮೇಜಿಗೆ ಹೋಗ್ತಾರೆ. ಯಾರಿಗಿದೆ ಅಷ್ಟು ಪುರುಸೊತ್ತು?"

ಬಂದ ಪರೀಕ್ಷಕರು ವಯಸ್ಸಾದವರು. ಬೆಳಗಿನಿಂದ ಎಲ್ಲರ ಮೇಜಿನ ಮುಂದೆಯೂ ಮೂಗು ಮುರಿದಿದ್ದವರು. ಅವಳು ಗುಂಡಿ ಒತ್ತಿದಳು. ಅಂಕಿ ಇಳಿಯತೊಡಗಿತು.

"ಚಿಪ್ಪೂ ನಿಮ್ದೇನಾ?"

"ಹೌದು ಸರ್. ನಕ್ಷೆಯೆಲ್ಲ ಇವಳದ್ದೇ," ಎಂದ ವಕೀಲ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಭೇಷ್ ಕಣಮ್ಮ!" ಮುದುಕರ ಮುಖ ಅರಳಿತು. ಕುರ್ಚಿ ಎಳೆದುಕೊಂಡು, ಟೈಮರಿನ ಪ್ಲಗ್ಗಿಗೆ ಅಡ್ಡವಾಗಿಯೇ ಕೂತುಬಿಟ್ಟರು.

"ಸರ್, ಪಕ್ಕದ ಮೇಜಿನವರು ಕಾಯ್ತಿದಾರೆ..." ಎಂದ ವಕೀಲ.

"ಕಾಯಲಿ ಬಿಡಪ್ಪ. ಇಷ್ಟು ವರ್ಷದಲ್ಲಿ ಹುಡುಗರು ಚಿಪ್ಪೇ ಮಾಡಿದ್ದು ನೋಡಿರಲಿಲ್ಲ. ಕೂಗೋದನ್ನ ಕೇಳ್ಕೊಂಡೇ ಏಳ್ತೀನಿ."

ವಕೀಲ ಬಾಯಿಗೆ ಬಂದದ್ದನ್ನೆಲ್ಲ ಹೇಳಿದ. ಬೋರ್ಡಿನ ಬಗ್ಗೆ ಹೇಳಿದ, ಅಂಕಿ ತೋರಿಸುವ ಪರದೆಯ ಬಗ್ಗೆ ಹೇಳಿದ. ಅವರು ಹೂಂಗುಟ್ಟಿದರು, ಕಣ್ಣು ಮಾತ್ರ ಅಂಕಿ ಬಿಟ್ಟು ಕದಲಲಿಲ್ಲ. ಸೋಡಾಬುಡ್ಡಿ ಪ್ಲಗ್ಗಿನ ತಂತಿ ಕಿತ್ತುಬಿಡೋಣವೆಂದು ಬಗ್ಗಲು ನೋಡಿ, ಅವರ ಕಾಲು ಕಂಡು ಹಾಗೆಯೇ ನೆಟ್ಟಗಾದ.

ಹತ್ತು ಬಂತು. ಮುದುಕರು ಮಗುವಿನ ಹಾಗೆ ಮುಂದಕ್ಕೆ ಬಾಗಿದರು.

"ಒಂಬತ್ತು... ಎಂಟು... ಯಾಕ್ರೋ ಸುಮ್ನಿದೀರಾ? ನೀವೂ ಎಣಿಸ್ರೋ!"

ಮೂವರೂ ಎಣಿಸಿದರು.