ಅರ್ಧ ಎತ್ತರದ ಅಗಲ

ಪೇಂಟ್ ಕಾರ್ಖಾನೆಯ ಕೆಮಿಸ್ಟ್ ಗುರುವಾರ ಲ್ಯಾಬಿಗೆ ಬರುತ್ತಿದ್ದಳು. ಅವತ್ತು ಅಲ್ಲಿನ ಎಕ್ಸ್-ರೇ ಯಂತ್ರದ ಆಪರೇಟರ್ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ. ಅವನ ಅಕ್ಕನಿಗೆ ಅಷ್ಟು ಸಾಕಿತ್ತು. "ಏನಪ್ಪಾ ಮೌನಿ, ನೀನೇ ಬಾಯಿಬಿಟ್ಟು ಹೇಳ್ತೀಯೋ, ಇಲ್ಲ ನಿನ್ನ ಅಂಗಿನೇ ಹೇಳ್ಬೇಕೋ?" ಎಂದು ತಟ್ಟೆ ಇಡುತ್ತಾ ಕೆಣಕುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳದವನಂತೆ ತಿಂದು ಹೊರಟುಬಿಡುತ್ತಿದ್ದ.

ಕೆಮಿಸ್ಟ್ ತರುತ್ತಿದ್ದದ್ದು ಪುಟ್ಟ ಸೀಸೆಗಳಲ್ಲಿ ಬಿಳಿ ಪುಡಿ. ಅದನ್ನು ಯಂತ್ರದೊಳಗಿಟ್ಟರೆ ಪರದೆಯ ಮೇಲೆ ಗುಡ್ಡಗಳ ಹಾಗೆ ಸಾಲಾಗಿ ಪೀಕುಗಳು ಏಳುತ್ತಿದ್ದವು. ಪುಡಿಯ ಕಣ ಸಣ್ಣದಾದಷ್ಟೂ ಪೀಕು ಅಗಲ. ಆ ಅಗಲವನ್ನು ಗ್ರಾಫ್ ಸಾಫ್ಟ್‌ವೇರಿನಲ್ಲಿ ಅಳೆದು ಹೇಳುವುದು ಅವನ ಕೆಲಸ. ಪಕ್ಕದ ಕುರ್ಚಿಯಲ್ಲಿ ಕೂತು ಕಾಯುವುದು ಅವಳದು. ವರ್ಷಗಟ್ಟಲೆ ಹಾಗೇ ನಡೆಯಿತು. ಮಾತೆಲ್ಲ ಪುಡಿಯ ಬಗ್ಗೆಯೇ.

ಒಂದು ಗುರುವಾರ ಅವಳು ಸೀಸೆಗಳಿಲ್ಲದೆ ಬಂದಳು. "ನಂಗೆ ಬೇರೆ ಊರಿಗೆ ವರ್ಗ ಆಯ್ತು ಸರ್. ಅಲ್ಲಿ ನಮ್ದೇ ಯಂತ್ರ ಇದೆ. ಅಗಲ ಅಳೆಯೋದು ಹೇಳ್ಕೊಟ್ಬಿಡಿ."

ಅವನು ಪರದೆಯ ಕಡೆ ತಿರುಗಿದ. "ಅದಕ್ಕೇನಂತೆ," ಎಂದ.

ಹಳೆಯ ಫೈಲೊಂದನ್ನು ತೆರೆದು ಮೌಸನ್ನು ಅವಳ ಕೈಗೇ ಕೊಟ್ಟ. ಪೀಕಿನ ತುದಿ ಗುರುತಿಸಿ, ಅದರ ಅರ್ಧ ಎತ್ತರದಲ್ಲಿ ಅಡ್ಡಗೆರೆ ಎಳೆದು, ಆ ಗೆರೆ ಎಡಕ್ಕೂ ಬಲಕ್ಕೂ ಪೀಕನ್ನು ತಾಗುವ ಜಾಗಗಳ ನಡುವಿನ ಅಂತರ ಓದಿಸಿದ. ಅವಳು ಚಕಚಕನೆ ಕಲಿತಳು.

"ಇಷ್ಟೇನಾ?"

"ಇಷ್ಟೇ."

ಇಷ್ಟೇ ಆಗಿರಲಿಲ್ಲ. ಪೀಕಿನ ಬುಡದಲ್ಲಿ ಯಾವಾಗಲೂ ಒಂದಿಷ್ಟು ಬೇಡದ ಸಿಗ್ನಲ್ ಸೇರಿಕೊಂಡಿರುತ್ತದೆ. ಅದನ್ನು ಮೊದಲು ಕಳೆಯದಿದ್ದರೆ ಅರ್ಧ ಎತ್ತರವೇ ತಪ್ಪಿ ಅಗಲ ಹೆಚ್ಚು ಬರುತ್ತದೆ. ಲೆಕ್ಕ ತಾಳೆಯಾಗದೆ ಅವಳು ಫೋನಾದರೂ ಮಾಡಿಯಾಳು ಎಂಬ ಆಸೆ ಅವನದು. ಅವಳು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು. ಅವನಿಗೆ ತಡೆಯಲಾಗಲಿಲ್ಲ.

"ಮೇಡಂ, ಬನ್ನಿ, ಕೂತ್ಕೊಳ್ಳಿ. ಮುಖ್ಯವಾದ್ದೇ ಬಿಟ್ಟೆ."

"ಮರೆತ್ರಾ?"

"ಮರೀಲಿಲ್ಲ. ಬೇಕೂ ಅಂತ ಬಿಟ್ಟೆ."

ಅವಳು ಅವನ ಮುಖವನ್ನೇ ನೋಡಿದಳು. ಬಂದು ಕೂತಳು. ಬುಡದ ಗೆರೆ ಹಾಕಿ ಕಳೆಯುವುದನ್ನು ಅವನು ನಿಧಾನವಾಗಿ ತೋರಿಸಿದ. ಮುಗಿದ ಮೇಲೂ ಅವಳು ಏಳಲಿಲ್ಲ.

"ಹೋದ ತಿಂಗಳು ತಂದದ್ದು ಹಳೇ ಪುಡಿನೇ ಸರ್," ಎಂದಳು, ಪರದೆಯ ಕಡೆ ನೋಡುತ್ತಾ. "ಅಳೆಯೋಕೆ ಹೊಸದೇನೂ ಇರ್ಲಿಲ್ಲ."

"ಗೊತ್ತಾಯ್ತು. ಅಗಲ ಅದೇ ಬಂತಲ್ಲ."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಬರೋದೇ ನಿಲ್ಲಿಸ್ತೀರೇನೋ ಅನ್ಕೊಂಡೆ."

ಹೊರಗೆ ಕಾರ್ಖಾನೆಯ ವ್ಯಾನು ಹಾರ್ನ್ ಹಾಕಿತು. ಅವಳು ಒಲ್ಲದ ಮನಸ್ಸಿನಿಂದ ಎದ್ದಳು. "ಭಾನುವಾರ ಫೋನ್ ಮಾಡಿ. ಪುಡಿ ವಿಷಯ ಬೇಡ."

ಅವನು ಮಾಡಿದ. ಆ ಭಾನುವಾರವಷ್ಟೇ ಅಲ್ಲ, ಆಮೇಲೆಯೂ. ಫೋನಿನಲ್ಲಿ ಅವಳು ಬಾಯ್ತುಂಬ ಮಾತಾಡುತ್ತಿದ್ದಳು, ನಗುತ್ತಿದ್ದಳು. ಆ ನಗುವನ್ನು ಇಷ್ಟು ದಿನ ಒಂದು ಮಾರು ದೂರದಲ್ಲಿ ಇಟ್ಟುಕೊಂಡೂ ಕೇಳಿಸಿಕೊಳ್ಳದೆ ಹೋದೆನಲ್ಲ ಎಂದು, ಫೋನಿಟ್ಟ ಮೇಲೂ ಅವನು ಕಿಟಕಿಯ ಸರಳು ಹಿಡಿದು ನಿಂತೇ ಇರುತ್ತಿದ್ದ. ಕೊನೆಗೆ ಅವಳ ಊರಿಗೆ ಹೋಗಿಬರಲು ರಜೆ ಕೇಳಿದ. ಯಂತ್ರ ಕೆಟ್ಟಿದೆ, ರಿಪೇರಿ ಮುಗಿಯುವವರೆಗೆ ಕಾಯಬೇಕು ಎಂದರು ಮೇಲಿನವರು. ಅವನು ಕಾಯುತ್ತಿದ್ದಾನೆ.