ಖಾಲಿ ಬಿಟ್ಟ ತಾರೀಖು

ಬಾಗಿಲ ಬಳಿ ಅಪ್ಪನ ಚಪ್ಪಲಿಗಳಿರಲಿಲ್ಲ.

ಕೆಲಸಕ್ಕೆ ಹೊರಟವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಪ್ಪ ಕಾಣೆಯಾದಂದಿನಿಂದ ಆ ಜೋಡಿ ಅಲ್ಲೇ, ಗೋಡೆಗೊತ್ತಿಕೊಂಡು, ಬೀದಿಗೆ ಮುಖ ಮಾಡಿ ಕೂತಿತ್ತು. ಅಮ್ಮ ಆಗಾಗ ಧೂಳು ಒರೆಸಿ ಮತ್ತೆ ಅದೇ ಜಾಗಕ್ಕಿಡುತ್ತಿದ್ದಳು. ಮನೆಗೆ ಬಂದವರು ಯಾರಾದರೂ ಮರೆತು ಅದರೊಳಗೆ ಕಾಲು ತೂರಿಸಿದರೆ ಅಮ್ಮನ ಮುಖ ನೋಡುವ ಹಾಗಿರುತ್ತಿರಲಿಲ್ಲ.

"ಅಮ್ಮಾ, ಚಪ್ಪಲಿ ಎಲ್ಲಿ?"

"ಬೀರುವಿನಲ್ಲಿಟ್ಟೆ." ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದಳು. "ನಿಮ್ಮ ಆಫೀಸಿಂದ ನಿನ್ನೆ ರಾತ್ರಿ ಬಂತು. ಓದು."

'ನಿಮ್ಮ ಪತಿಯವರ ಮರಣ ದಿನಾಂಕವನ್ನು ದಾಖಲಿಸಲಾಗಿದೆ: ೧ ಜನವರಿ ೧೯೭೦. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು.'

ಅವಳು ಬೆಚ್ಚಿದಳು. ಸಾವಿನ ಸುದ್ದಿಗಲ್ಲ, ಆ ತಾರೀಖಿಗೆ. ಅದರ ಪರಿಚಯ ಅವಳ ಹಾಗೆ ಪ್ರೋಗ್ರಾಂ ಬರೆಯುವ ಎಲ್ಲರಿಗೂ ಇರುತ್ತದೆ.

"ಇದು ನಮ್ಮ ಕಂಪ್ಯೂಟರಿನ ತಪ್ಪು ಕಣಮ್ಮ. ಆ ವರ್ಷ ಅಪ್ಪ ಇನ್ನೂ ಚಡ್ಡಿ ಹಾಕ್ಕೊಂಡು ಶಾಲೆಗೆ ಹೋಗ್ತಿದ್ರು. ಅವತ್ತೇ ಸತ್ತಿದ್ರೆ ನಿನ್ನ ಮದುವೆಯಾಗಿದ್ದು ಯಾರು? ನಾನು ಯಾರ ಮಗಳು?"

ಅಮ್ಮ ನಗಲಿಲ್ಲ.

"ನಾನೂ ಮೊದಲು ಹಾಗೇ ಅಂದ್ಕೊಂಡೆ. ಆಮೇಲೆ ನೆನಪಾಯ್ತು. ಚಿಕ್ಕವರಿದ್ದಾಗ ಅವರು ಹೊಳೇಲಿ ಮುಳುಗಿದ್ರಂತೆ. ದಡಕ್ಕೆಳೆದು ಮಲಗಿಸಿ, ಉಸಿರಿಲ್ಲ ಅಂತ ಎಲ್ಲ ಅಳೋಕೆ ಶುರು ಮಾಡಿದ್ರಂತೆ. ಅಷ್ಟರಲ್ಲಿ ಕೆಮ್ಮಿ ಎದ್ದು ಕೂತ್ರಂತೆ. ಜನವರಿ ಒಂದು, ಹೊಸ ವರ್ಷದ ದಿನ. ಅವರೇ ಹೇಳಿದ್ದು."

"ನಂಗ್ಯಾವತ್ತೂ ಹೇಳ್ಲಿಲ್ಲ?"

"ಮಕ್ಕಳಿಗೆ ಹೇಳೋ ಅಂಥದ್ದಾ ಅದು? ಮಳೆ ಇಲ್ದಿದ್ರೂ ಅವರ ಚಪ್ಪಲಿ ಒದ್ದೆ ಇರ್ತಿತ್ತಲ್ಲ, ನೀನೇ ನಗಾಡ್ತಿದ್ದೆ. ಅವತ್ತು ಎದ್ದು ಬಂದೋರು ಪೂರ್ತಿ ಬಂದಿರ್ಲಿಲ್ಲ ಅನ್ಸುತ್ತೆ ಪುಟ್ಟಿ." ಅಮ್ಮ ಫೋನನ್ನು ಎದೆಗೊತ್ತಿಕೊಂಡಳು. "ಇಷ್ಟು ವರ್ಷ ಕೂತು ಅಳೋಕೆ ಅಂತ ನಂಗೆ ಒಂದು ದಿನ ಇರ್ಲಿಲ್ಲ. ಈಗ ಸಿಕ್ಕಿದೆ. ನಿನ್ನೆ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ?"

ಅದು ಸುಳ್ಳಲ್ಲ. ಅಮ್ಮನ ಕಣ್ಣ ಕೆಳಗಿನ ಕಪ್ಪು ತುಸು ತಿಳಿಯಾಗಿತ್ತು.

ಅವಳ ಆಫೀಸಿನ ಕಾಣೆಯಾದವರ ವಿಭಾಗದಲ್ಲಿ ಫೋನುಗಳು ಒಂದರ ಮೇಲೊಂದು ಬಾಯಿ ಮಾಡುತ್ತಿದ್ದವು. ಅವಳ ಮೇಲಧಿಕಾರಿ ಕಾರಿಡಾರಿನಲ್ಲೇ ಎದುರಾದ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನಿಗೆ ಎಲ್ಲರೂ ಇಟ್ಟ ಹೆಸರು ಗಡಿಯಾರ.

"ಬಂದ್ಯಾ ಮಹಾತಾಯಿ? ಕಾಣೆಯಾದೋರನ್ನೆಲ್ಲ ಒಂದೇ ದಿನ ಸಾಯಿಸಿ ಕೂತಿದ್ದೀಯಲ್ಲ. ಯುದ್ಧದಲ್ಲೂ ಇಷ್ಟು ಅಚ್ಚುಕಟ್ಟಾಗಿ ಸಾಯಲ್ಲ ಜನ."

ಹಳೆಯ ಯಂತ್ರದಲ್ಲಿ, ಸತ್ತದ್ದು ಗೊತ್ತಿಲ್ಲದವರ ತಾರೀಖಿನ ಜಾಗದಲ್ಲಿ ಸೊನ್ನೆ ಇಡುವ ರೂಢಿ. ಅದಕ್ಕೆ ಸೊನ್ನೆಯೆಂದರೆ ಏನೂ ಇಲ್ಲ. ಹೊಸ ಯಂತ್ರವೋ ಕಾಲವನ್ನು ಸೆಕೆಂಡುಗಳಲ್ಲಿ ಎಣಿಸುವಂಥದ್ದು. ಅದರ ಎಣಿಕೆ ಹೊರಡುವುದೇ ೧೯೭೦ರ ಮೊದಲ ಕ್ಷಣದಿಂದ, ಹಾಗಾಗಿ ಅದಕ್ಕೆ ಸೊನ್ನೆಯೆಂದರೆ ಆ ಕ್ಷಣ. ದಾಖಲೆಗಳನ್ನು ಅಲ್ಲಿಂದ ಇಲ್ಲಿಗೆ ದಾಟಿಸುವ ಪ್ರೋಗ್ರಾಂ ಬರೆದವಳು ಅವಳೇ. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಸೊನ್ನೆಗಳು ಸಾಧುಗಳ ಹಾಗೆ ಖಾಲಿಯಾಗಿಯೇ ಇದ್ದವು. ಹೊಸ ಯಂತ್ರದ ಸರ್ವರ್‌ಗೆ ಹೋದದ್ದೇ ಒಂದೊಂದೂ ತಾರೀಖಾಗಿ ಎದ್ದು ಕೂತಿತ್ತು. ತಾರೀಖು ತುಂಬಿದರೆ ಮನೆಯವರಿಗೆ ಸಂದೇಶ ತಾನಾಗಿ ಹೋಗುತ್ತದೆ.

"ಅದಿರ್ಲಿ, ಅರ್ಧ ಜನಕ್ಕೆ ಡಿಸೆಂಬರ್ ಮೂವತ್ತೊಂದು ಅಂತ ಹೋಗಿದೆ. ಅದ್ಯಾಕೆ?"

"ಅವರಿಗೆ ಕಳಿಸಿದ ಯಂತ್ರ ದೂರ ಪಶ್ಚಿಮದ ಒಂದು ದೇಶದಲ್ಲಿದೆ ಸರ್. ಅದೇ ಕ್ಷಣ, ಆದ್ರೆ ಅಲ್ಲಿನ್ನೂ ಹಿಂದಿನ ದಿನದ ಸಂಜೆ."

"ಸಾಯೋಕೂ ಊರಿಗೊಂದು ಹೊತ್ತು!" ಗಡಿಯಾರ ಮಣಿಕಟ್ಟು ನೋಡಿಕೊಂಡ. "ಮಧ್ಯಾಹ್ನದೊಳಗೆ ಎಲ್ಲರನ್ನೂ ವಾಪಸ್ ಕರಕೊಂಡು ಬಾ."

ಅವಳು ತಲೆ ಬಗ್ಗಿಸಿ ಕೂತಳು. ಒಂದು ಸೊನ್ನೆಗೆ ಎರಡು ಕೆಲಸ ಹೊರಿಸಿದ್ದೇ ತಪ್ಪು. ತಾರೀಖು ಗೊತ್ತೋ ಇಲ್ಲವೋ ಎಂಬುದಕ್ಕೆ ಬೇರೆ ಕಾಲಂ ಮಾಡಿದಳು. ಗೊತ್ತಿದ್ದರೆ ಮಾತ್ರ ಸಮಯ, ಅದೂ ಎಲ್ಲ ಯಂತ್ರಗಳಿಗೂ ಒಂದೇ ಆದ ಲೋಕದ ಸಮಯ, ಸಾವು ಯಾವ ದೇಶದಲ್ಲಾದದ್ದೆಂಬ ಗುರುತಿನೊಂದಿಗೆ. ಇನ್ನು ಯಾವ ಯಂತ್ರಕ್ಕೆ ಹೋದರೂ ಖಾಲಿ ಖಾಲಿಯಾಗಿಯೇ ಉಳಿಯಬೇಕು. ಈ ಸಲ ಸರ್ವರಿನ ಮೇಲೇ ಪರೀಕ್ಷಿಸಿದಳು. ಪರೀಕ್ಷೆಯಲ್ಲಿ ಸತ್ತವರು ಒಬ್ಬೊಬ್ಬರಾಗಿ ತಾರೀಖು ಕಳಚಿಟ್ಟು ಎದ್ದರು.

ಪರದೆಯ ನಡುವೆ ಅಪ್ಪನ ಸಾಲು ಬಂತು. ಅವಳ ಬೆರಳು ತಡೆಯಿತು. ಇದನ್ನೂ ಖಾಲಿ ಮಾಡಿದರೆ ಅಮ್ಮನ ಆ ಒಂದು ದಿನ ಹೋಗುತ್ತದೆ, ನಿದ್ದೆ ಹೋಗುತ್ತದೆ. ಈ ಒಬ್ಬರನ್ನು ಮುಟ್ಟಬೇಡ ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು.

"ಇವರೊಬ್ಬರನ್ನ ಯಾಕೆ ಬಿಟ್ಟೆ?" ಗಡಿಯಾರ ಯಾವಾಗ ಬಂದು ಹಿಂದೆ ನಿಂತನೋ.

"ನಮ್ಮಪ್ಪ ಸರ್."

ಅವನು ಮಣಿಕಟ್ಟು ನೋಡಿಕೊಳ್ಳಲಿಲ್ಲ. "ನಾನೇನೂ ನೋಡಿಲ್ಲಮ್ಮ," ಎಂದು ಮೆಲ್ಲಗೆ ಹೇಳಿ ಹೋದ.

ಅವಳು ಅಪ್ಪನ ಹೆಸರಿನ ಸಾಲನ್ನು ಮತ್ತೆ ಓದಿದಳು. ಅಪ್ಪ ಒಂದು ದಿನ ಬಾಗಿಲಿಗೆ ಬಂದರೆ? ಚಪ್ಪಲಿ ಬೀರುವಿನಲ್ಲಿ, ಹೆಸರು ಸತ್ತವರಲ್ಲಿ. ಯಾರ ಮನೆಗೋ ಬಂದವರ ಹಾಗೆ ಹೊಸ್ತಿಲಿನಿಂದಲೇ ತಿರುಗಿಬಿಡುತ್ತಾರೆ. ಅಮ್ಮನಿಗೆ ಬೇಕಾದದ್ದು ಒಂದು ದಿನ. ತನಗೆ ಬೇಕಾದದ್ದು ಅಪ್ಪ. ಅದು ಅಲ್ಲಿಯವರೆಗೆ ಅವಳಿಗೇ ಗೊತ್ತಿರಲಿಲ್ಲ.

ಸೇರಿಸಿದ ಸಾಲನ್ನು ಅಳಿಸಿ ಗುಂಡಿ ಒತ್ತಿದಳು. ತಪ್ಪಾಯಿತೆಂಬ ಸಂದೇಶಗಳು ಮನೆಮನೆಗೂ ಹೊರಟವು.

ಸಂಜೆ ಬಂದಾಗ ಚಪ್ಪಲಿಗಳು ಬಾಗಿಲ ಬಳಿ ಇದ್ದವು.

ಅವಳು ಅಂದುಕೊಂಡಳು: ಅಮ್ಮ ಸಂದೇಶ ಓದಿ ಮತ್ತೆ ಹೊರಗಿಟ್ಟಿದ್ದಾಳೆ, ಮತ್ತೆ ಕಾಯಲು ಕೂತಿದ್ದಾಳೆ. ನೆಟ್ಟಗೆ ಜೋಡಿಸೋಣವೆಂದು ಬಗ್ಗಿದಳು. ಅವು ಬೀದಿಗೆ ಮುಖ ಮಾಡಿರಲಿಲ್ಲ. ಹೊರಗಿಂದ ಬಂದವರು ಕಳಚಿಟ್ಟ ಹಾಗೆ ತುದಿಗಳು ಒಳಗೆ ತಿರುಗಿದ್ದವು. ಮುಟ್ಟಿದರೆ ಬೆರಳಿಗೆ ತಣ್ಣಗೆ ನೀರು ಹತ್ತಿತು.

ಅಮ್ಮ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು, ಫೋನು ಮಡಿಲಲ್ಲಿ.

"ತಪ್ಪಾಯ್ತಂತೆ ನಿಮ್ಮೋರಿಗೆ," ಅಂದಳು ತಿರುಗದೆ. "ಕೊಟ್ಟು ಕಿತ್ಕೊಂಡ್ರು."

"ಚಪ್ಪಲಿ ಯಾಕಮ್ಮ ತೊಳೆದೆ?"

"ಯಾವ ಚಪ್ಪಲಿ? ಇನ್ನೂ ಬೀರು ತೆಗೆದೇ ಇಲ್ಲ ಕಣೇ. ನೀನು ಬರ್ಲಿ ಅಂತ ಕೂತಿದ್ದೆ."

ಅವಳು ನೆಲ ನೋಡಿದಳು. ಹೊಸ್ತಿಲಿನಿಂದ ಒಳಕ್ಕೆ ಬರಿಗಾಲಿನ ಒದ್ದೆ ಹೆಜ್ಜೆಗಳು ಬಂದಿದ್ದವು. ನಡುಮನೆಯ ಮಧ್ಯದವರೆಗೆ ಬಂದು ನಿಂತಿದ್ದವು. ಅಲ್ಲಿಂದಾಚೆ ನೆಲ ಒಣಗಿತ್ತು, ಹಿಂದಕ್ಕೆ ಹೋದ ಗುರುತೂ ಇರಲಿಲ್ಲ.

"ಗಾಳಿ ಬರ್ತಿದೆ, ಬಾಗಿಲು ಹಾಕೇ," ಅಂದಳು ಅಮ್ಮ.

"ಇರ್ಲಿ ಬಿಡಮ್ಮ," ಅಂದಳು ಅವಳು, ಹೆಜ್ಜೆಗಳನ್ನು ತುಳಿಯದಂತೆ ಗೋಡೆಗೆ ಸರಿದು ನಿಲ್ಲುತ್ತ.