ಹುಲ್ಲಿನಲ್ಲೊಂದು ನೀಲಿ

ರಾಳದ ವಾಸನೆ, ಟರ್ಪೆಂಟೈನ್, ಅದರ ನಡುವೆ ಯಾರದೋ ಬುತ್ತಿಯ ಬೆಳ್ಳುಳ್ಳಿ ಸಾಸೇಜು, ಅಂದರೆ ಪಕ್ಕದ ಗೋಡೆಯವರು ಆಗಲೇ ವಾರ್ನಿಷ್ ಬಳಿಯಲು ಶುರುಮಾಡಿದ್ದಾರೆ, ನಾಳೆ ಪ್ರದರ್ಶನ ತೆರೆಯುವ ಮುನ್ನ ಪ್ಯಾರಿಸ್ಸಿನ ಚಿತ್ರಕಾರರು ಏಣಿ ಹತ್ತಿ ತಮ್ಮ ತಮ್ಮ ಚಿತ್ರಕ್ಕೆ ಹೊಳಪು ಕೊಡುವ ದಿನ ಇದು, ಚುಕ್ಕೆ ಚುಕ್ಕೆಯಾಗಿ ಬಣ್ಣ ಇಟ್ಟು ಚಿತ್ರ ಬರೆಯುವ ಅವಳ ಗುಂಪಿನವರು, ಚುಕ್ಕೆಯವರು, ಮಾತ್ರ ಕೊಡುವುದಿಲ್ಲ, ಹೊಳಪು ಬಂದರೆ ಬೆಳಕು ಮೇಲೆಯೇ ಜಾರಿಹೋಗುತ್ತದೆ, ಬಣ್ಣಗಳು ಕಣ್ಣಿನೊಳಗೆ ಬೆರೆಯುವುದಿಲ್ಲ, ಹಾಗಾಗಿ ಇವತ್ತು ಓದಿಲ್ ಮರೆಶಾಲಳ ಕೈಗೆ ಕೆಲಸವೇ ಇರಬಾರದಿತ್ತು, ಆದರೂ ಕೈಯಲ್ಲಿ ಕುಂಚ, ಬಣ್ಣ ಕಲಸುವ ಹಲಗೆಯ ಮೇಲೆ ಕ್ಯಾಡ್ಮಿಯಂ ಹಳದಿ, ಎದುರಿಗೆ ಅವಳದೇ ಚಿತ್ರ, ಮಾರ್ನ್ ನದಿಯ ದಂಡೆ, ಮಡಚುವ ಕುರ್ಚಿಯಲ್ಲಿ ಕೂತ ಅತ್ತೆ ಯೂಲಾಲಿ, ಸುತ್ತ ಬಿಸಿಲು ಬಿದ್ದ ಹುಲ್ಲು – ಹುಲ್ಲು ಕಂದಾಗಿದೆ. ಸೀದ ರೊಟ್ಟಿಯ ಅಂಚಿನ ಕಂದು. ಗುಂಪಿನ ಗೋಡೆಯ ಉಸ್ತುವಾರಿ ಹೊತ್ತ ಫೆಲಿಸ್ಯಾನ್ ಬೆಳಿಗ್ಗೆ ಇದರ ಮುಂದೆ ನಿಂತು ಗಡ್ಡ ಕೆರೆದುಕೊಂಡ, ಏನ್ರೀ ಓದಿಲ್, ನೀವು ಬರೆದಿರೋದು ಹುಲ್ಲಾ, ಹುಲ್ಲು ತಿಂದು ಹಸು ಹಾಕಿದ್ದಾ, ನಾಳೆ ಪತ್ರಿಕೆಯವರು ಬರ್ತಾರೆ, ಮೊದಲೇ ನಮ್ಮ ಚಿತ್ರಗಳಿಗೆ ಸಿಡುಬು ಬಂದಿದೆ ಅಂತಾರೆ, ಈಗ ಸಿಡುಬು ಕೀವಾಯ್ತು ಅಂತ ಬರೀತಾರೆ, ಸಂಜೆ ಗಂಟೆ ಹೊಡೆಯೋದ್ರೊಳಗೆ ಸರಿ ಮಾಡಿ, ಇಲ್ಲಾಂದ್ರೆ ಈ ಗೋಡೆ ಮೇಲೆ ಇರಲ್ಲ, ಬೇಜಾರು ಮಾಡ್ಕೋಬೇಡಿ.

ಬೇಜಾರಿಲ್ಲ, ಅವನು ಹೇಳಿದ್ದು ಸರಿ, ಒಂದು ಚುಕ್ಕೆ, ಅದರ ಪಕ್ಕ ಇನ್ನೊಂದು, ಎಡ ಅಂಚಿನಿಂದ ಶುರುಮಾಡಿ ಒಳಕ್ಕೆ, ಸತ್ತ ಹಳದಿಯ ತಲೆಯ ಮೇಲೆ ಜೀವಂತ ಹಳದಿ, ಸತ್ತದ್ದು ಸತುವಿನ ಹಳದಿ, ಈ ಚಿತ್ರ ಬರೆದಾಗ ಅದು ಹೊಸ ಸರಕು, ರಂಗಿನಂಗಡಿಯವನು ಸೂರ್ಯನನ್ನೇ ಕೊಳವೆಗೆ ತುಂಬಿದ್ದೀವಿ ಮೇಡಂ ಎಂದಿದ್ದ, ಎಲ್ಲರೂ ಕೊಂಡರು, ಏಕೆಂದರೆ ಎಲ್ಲರೂ ಹಲಗೆಯಿಂದ ಮಣ್ಣಿನ ಬಣ್ಣಗಳನ್ನು ಓಡಿಸಿದ್ದರು, ಕಾವಿ ಬೇಡ, ಕಂದು ಬೇಡ, ಹಳೆಯ ಗುರುಗಳ ಚಿತ್ರದ ಗ್ರೇವಿಯಂಥ ಮಬ್ಬು ಬೇಡ, ಕಾಮನಬಿಲ್ಲಿನಲ್ಲಿ ಇಲ್ಲದ್ದು ಹಲಗೆಯ ಮೇಲೂ ಇರಬಾರದು, ಅಷ್ಟು ಶಿಸ್ತಿನಿಂದ ಹೊರಗಿಟ್ಟ ಕಂದು ಹಳದಿಯ ವೇಷ ಹಾಕಿಕೊಂಡೇ ಒಳಗೆ ಬಂದು ಕೂತಿತ್ತು, ಎರಡು ವರ್ಷ ಸುಮ್ಮನಿದ್ದು ಈಗ ಮುಖ ತೋರಿಸಿದೆ, ನಗು ಬರುತ್ತದೆ, ನಕ್ಕರೆ ಏಣಿ ಅಲುಗಾಡುತ್ತದೆ. ಒಂದು ಚುಕ್ಕೆ. ಇನ್ನೊಂದು. ಗೋಡೆ ಕಳೆದುಕೊಳ್ಳುವುದು ಅವಳಿಗೆ ಸಣ್ಣ ಮಾತಲ್ಲ, ಈ ಗೋಡೆಗೆ ಮುಂಚೆ ಅವಳು ಬರೆಯುತ್ತಿದ್ದುದು ಬೀಸಣಿಗೆ, ರೇಷ್ಮೆಯ ಮೇಲೆ ಗುಲಾಬಿ, ಅಂಗಡಿಯವನು ಬೆರಳಲ್ಲಿ ತೀಡಿ ನೋಡಿ ಹೆಂಗಸರ ಕೈ ಅಲ್ವಾ, ಮೃದು ಅನ್ನುತ್ತಿದ್ದ, ಚುಕ್ಕೆಯಲ್ಲಿ ಹೆಂಗಸರ ಕೈ ಎನ್ನುವುದೇ ಇಲ್ಲ, ಚುಕ್ಕೆಗೆ ಹೆಣ್ಣು ಗಂಡು ಇಲ್ಲ, ಲೆಕ್ಕ ಇದೆ, ಕಿತ್ತಳೆಯ ಪಕ್ಕ ನೀಲಿ, ಹಳದಿಯ ಪಕ್ಕ ನೇರಳೆ, ಮೊದಲ ಸಲ ಇಲ್ಲಿ ತೂಗುಹಾಕಿದಾಗ ಯಾರೂ ಮೃದು ಅನ್ನಲಿಲ್ಲ, ಹುಚ್ಚು ಅಂದರು, ಗಂಡಸರ ಚಿತ್ರಗಳಿಗೂ ಅದನ್ನೇ ಅಂದರು, ಆ ದಿನ ಮನೆಗೆ ಕುಣಿಯುತ್ತಾ ಹೋಗಿದ್ದಳು.

ಕುರ್ಚಿಯ ಕಾಲು ಬಂತು, ಅತ್ತೆಯ ಲಂಗದ ಅಂಚು, ಅಲ್ಲಿ ನೇರಳೆ ನೆರಳು, ಅದು ಕೆಟ್ಟಿಲ್ಲ, ಅದನ್ನು ದಾಟಿದರೆ ಬೂಟು, ಬೂಟಿನಾಚೆ – ಬೇಡ, ಮೇಲಿನ ಹುಲ್ಲು ಮೊದಲು. ಆ ಬೇಸಿಗೆ ಭಾನುವಾರ ಭಾನುವಾರ ರೈಲು ಹತ್ತಿ ದಂಡೆಗೆ ಹೋಗುತ್ತಿದ್ದರು, ಗಂಡ ಗಾಳ ಹಾಕಿ ಕೂರುತ್ತಿದ್ದ, ಅತ್ತೆ ಮೂಲಂಗಿಗೆ ಬೆಣ್ಣೆ ಹಚ್ಚಿ ಕಟಕಟ ಕಡಿಯುತ್ತಾ ಕೂರುತ್ತಿದ್ದರು, ಬಾಯಿ ಅಲ್ಲಾಡಿಸ್ಬೇಡಿ ಅತ್ತೆ, ಬಾಯಿ ಅಲ್ಲಾಡಿಸದೆ ಹೆಂಗೆ ತಿನ್ಲೇ, ಮೂಗಲ್ಲಿ ತಿನ್ನಲಾ, ಒಂದು ಮುಖಕ್ಕೆ ಒಂದು ಬೇಸಿಗೆ ಬೇಕಾ ನಿಂಗೆ, ನಾನು ಒಂದು ವಾರಕ್ಕೆ ನಾಲ್ಕು ಸೊಂಟ ಬಿಗಿಯೋ ಒಳಕವಚ ಹೊಲೀತಿದ್ದೆ, ಅದರಲ್ಲೂ ಚುಕ್ಕೆ ಚುಕ್ಕೆ ಹೊಲಿಗೇನೆ, ನನ್ನನ್ನ ಯಾರೂ ಕಲಾವಿದೆ ಅನ್ಲಿಲ್ಲ. ಮದುವೆಯಾದಂದಿನಿಂದ ಇಬ್ಬರ ನಡುವೆ ಇದೇ ಮಾತು, ಹರಿತವಾಗಿ, ಹೊಲಿಗೆಯ ಹಾಗೆ ತಪ್ಪದೆ. ಒಂದು ಬೆಳಿಗ್ಗೆ ಅವರು ಎದ್ದು ಬಂದು ಕ್ಯಾನ್ವಾಸು ನೋಡಿ, ಇದ್ಯಾಕೆ ಹಾಕಿಲ್ಲ, ಏನನ್ನ, ಹೂವು ಕಣೇ, ನನ್ನ ಕಾಲ ಹತ್ರ, ನೋಡಿದರೆ ನಿಜವಾಗಿ ಒಂದು ಚಿಕೋರಿ ಹೂವು, ಕಾಫಿಗೆ ಬೆರೆಸುವ ಬೇರಿನ ಗಿಡ ಅದು, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವ ನೀಲಿ, ಅತ್ತೆ, ಬಿಸಿಲಿನ ಹುಲ್ಲಲ್ಲಿ ನೀಲಿ ಬರಲ್ಲ, ನೀಲಿ ನೆರಳಿಗೆ, ಲೆಕ್ಕ ಇದೆ, ನಿನ್ನ ಲೆಕ್ಕ ನೀನೇ ಇಟ್ಕೋ, ಬೆಳಗ್ಗಿಂದ ನಾನು ಅದನ್ನ ತುಳೀದೆ ಕಾಲು ಓರೆ ಮಾಡ್ಕೊಂಡು ಕೂತಿದೀನಿ, ಎಂದವರೇ ಕುಂಚ ಕಿತ್ತುಕೊಂಡು ಹಲಗೆಯ ನೀಲಿಗೆ ಅದ್ದಿ ಬೂಟಿನ ಪಕ್ಕ ಒತ್ತಿ ತಿರುವಿದರು, ಬೇಳೆಯಷ್ಟು ದಪ್ಪ, ದಾರ ಕಡಿಯುವವರ ಹಾಗೆ ಹಲ್ಲು ಕಚ್ಚಿಕೊಂಡು. ಅಳಿಸಬೇಕಾಗಲಿಲ್ಲ. ಸುತ್ತ ಹಳದಿಯನ್ನು ದಟ್ಟವಾಗಿ ಇಟ್ಟಳು, ನೀಲಿಯ ಅಂಚಿನ ಮೇಲೂ ನಾಲ್ಕಾರು ಇಟ್ಟಳು, ಅಷ್ಟೆ, ಹಲಗೆಯ ಮೇಲೆ ಹಳದಿಗೆ ನೀಲಿ ಬೆರೆಸಿದರೆ ಹಸಿರು, ಕಣ್ಣಿನಲ್ಲಿ ಬೆರೆತರೆ ಬೂದು, ಬೆಳಕಿನಂಥ ಬೂದು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೂವು ಇಲ್ಲ, ಲೆಕ್ಕ ಅದನ್ನು ನುಂಗಿತ್ತು, ಎಷ್ಟು ಚೆನ್ನಾಗಿ ನುಂಗಿತು ಎಂದು ಅವತ್ತು ಅವಳಿಗೆ ಖುಷಿಯಾಗಿತ್ತು.

ಮುಗಿದ ಮೇಲೆ ಅತ್ತೆ ನೋಡಲು ಬಂದರು, ಒಳ್ಳೆಯ ಟೋಪಿ ಹಾಕಿಕೊಂಡು, ಮಹಡಿ ಹತ್ತಿದ ಏದುಸಿರಿಗೆ ಕೋಣೆಯ ಬಾಗಿಲಲ್ಲೇ ನಿಂತು ಚೌಕಟ್ಟು ಹಿಡಿದುಕೊಂಡರು, ಮುಖ ನೋಡಲಿಲ್ಲ, ಲಂಗ ನೋಡಲಿಲ್ಲ, ಕಣ್ಣು ನೇರ ಕಾಲಿನ ಬಳಿಗೆ ಹೋಯಿತು, ಹುಡುಕಿತು, ನನ್ನ ಹೂವು ತೆಗೆದುಬಿಟ್ಯಾ. ತೆಗೆದಿಲ್ಲ ಅತ್ತೆ, ಹತ್ರ ಬನ್ನಿ, ಇದೆ. ಮೂಗು ತಾಗಿಸಿ ನೋಡೋಕೆ ಅದೇನು ಹೊಲಿಗೆನಾ, ಬೇಡ ಬಿಡು, ಚೆನ್ನಾಗಿದೆ. ಚೆನ್ನಾಗಿದೆ ಎಂದು ಅವರು ಹೇಳಿದ್ದು ಅದೊಂದೇ ಸಲ, ಒಳಗೆ ಬರಲಿಲ್ಲ, ಇಳಿದುಹೋದರು, ಮುಂದಿನ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಸತ್ತರು. ಮತ್ತೆ ಈ ಬೆಳಿಗ್ಗೆ, ಸಭಾಂಗಣದ ಬಾಗಿಲು, ಅಲ್ಲಿಂದಲೇ ಅವಳಿಗೆ ಕಂಡದ್ದು ಕಂದು ಅಲ್ಲ, ಫೆಲಿಸ್ಯಾನ್ ಹೇಳುವ ತನಕ ಕಂದು ಕಂಡೇ ಇರಲಿಲ್ಲ, ಕಂಡದ್ದು ನೀಲಿ, ಕಂದಿನ ನಡುವೆ ನೀಲಿ ಎದ್ದು ನಿಂತಿತ್ತು, ಕಿತ್ತಳೆಯ ಮನೆತನದ್ದು ಕಂದು, ಅದರ ಪಕ್ಕ ನೀಲಿ ಕಿರುಚುತ್ತದೆ, ಅದೂ ಲೆಕ್ಕವೇ.

ಮೇಲಿನ ಹುಲ್ಲು ಮುಗಿಯಿತು, ಬಲಭಾಗ ಮುಗಿಯಿತು, ಬಿಸಿಲು ಮರಳಿ ಬಂದಿದೆ, ನದಿ ಕೂಡ ಹೊಳೆಯುತ್ತಿದೆ, ಎಲ್ಲ ಕಡೆಯಿಂದ ಹಳದಿ ಒಳಗೆ ಬರುತ್ತಾ ಬೂಟಿನ ಹತ್ತಿರ ನಿಂತಿದೆ, ಅಂಗೈಯಗಲ ಕಂದು ಉಳಿದಿದೆ, ಅದರ ನಡುವೆ ಅದು, ಇನ್ನು ಹತ್ತಿಪ್ಪತ್ತು ಚುಕ್ಕೆ, ಸರಿಯಾದ ಜಾಗದಲ್ಲಿ, ಲೆಕ್ಕ ಮತ್ತೆ ನುಂಗುತ್ತದೆ, ಗೋಡೆ ಉಳಿಯುತ್ತದೆ, ಕುಂಚ ಅದ್ದಿದೆ, ತುದಿಯಲ್ಲಿ ಹಳದಿ, ಗಂಟೆ ಹೊಡೆಯುತ್ತಿದೆ, ಹಿಂದೆ ಬೂಟಿನ ಸದ್ದು, ಭೇಷ್ ಓದಿಲ್, ಬಿಸಿಲು ಬಂತು ನೋಡಿ, ಅಲ್ಲೊಂದು ಬಿಟ್ಟಿದೀರಲ್ಲ, ಕಾಲ ಹತ್ರ, ಅದಷ್ಟನ್ನ ಮುಚ್ಚಿ ಇಳೀರಿ. ಅದು ಹೂವು, ಅವಳದೇ ದನಿ. ಹೂವಾ, ಬಿಸಿಲಲ್ಲಿ ನೀಲಿನಾ, ಯಾವ ಲೆಕ್ಕ ಅದು. ಲೆಕ್ಕ ಅಲ್ಲ. ಫೆಲಿಸ್ಯಾನ್ ಏಣಿಯ ಬುಡಕ್ಕೆ ಬಂದ, ಓದಿಲ್, ನಾಳೆ ಜನ ಮೊದಲು ನೋಡೋದೇ ಅದನ್ನ, ಇದನ್ನ ಗುಂಪಿನ ಗೋಡೆ ಮೇಲೆ ಇಡೋಕಾಗಲ್ಲ, ಕೊನೇ ಕೋಣೆಗೆ ಹಾಕ್ತೀನಿ, ಬೀಸಣಿಗೆಗಳ ಪಕ್ಕ. ಬೀಸಣಿಗೆಗಳ ಪಕ್ಕ – ಕುಂಚ ಚಿಂದಿಗೆ ಒರೆಸುತ್ತಿದ್ದಾಳೆ, ಹಳದಿ ಬಟ್ಟೆಗೆ ಹೋಗುತ್ತಿದೆ, ಆ ಕೋಣೇಲಿ ದೂರ ನಿಂತು ನೋಡೋಕೆ ಜಾಗ ಇದ್ಯಾ. ಬೇಕಾದಷ್ಟಿದೆ, ಅಲ್ಲಿಗೆ ಯಾರೂ ಬರಲ್ಲವಲ್ಲ. ಏಣಿ ಇಳಿದಳು, ಹಿಂದೆ ಹಿಂದೆ ನಡೆದಳು, ನಾಲ್ಕು ಹೆಜ್ಜೆ, ಇನ್ನೂ ಹಿಂದೆ, ಬಾಗಿಲ ಚೌಕಟ್ಟು ಬೆನ್ನಿಗೆ ತಾಗುವ ತನಕ, ಏದುಸಿರು ಬಿಡುವವರು ನಿಂತುಕೊಳ್ಳುವಷ್ಟು ದೂರ, ಓರೆ ಮಾಡಿದ ಕಾಲು, ಕಾಲ ಹತ್ತಿರ, ನೀಲಿ.